ಕಾವಲುಗಾರನನ್ನು ಕಣದಲ್ಲಿ ನಿಲ್ಲಿಸಿದರೆ ಏನು ತಪ್ಪು?

ಪ್ರಶ್ನೆ: ಚಿಕ್ಕಮಗಳೂರು ಕಡೆಯ ಕಾಫಿ ತೋಟವೊಂದರ ದಾರಿಗಳನ್ನು ಗ್ರಾಫ್ ಆಗಿ, ಅಂದರೆ ಜಾಗಕ್ಕೊಂದು ಚುಕ್ಕಿ, ದಾರಿಗೊಂದು ಗೆರೆಯಂತೆ ಬರೆದೆವು. ಎಲ್ಲೂ ಸುತ್ತಿಲ್ಲ, ಅಂದರೆ ಅದೊಂದು ಟ್ರೀ. ಪ್ರತಿ ಜಾಗದಲ್ಲಿ, ಇಲ್ಲವೇ ಅದರ ಪಕ್ಕದ ಜಾಗದಲ್ಲಿ ಕಾವಲುಗಾರ ಇರಬೇಕು. ಹೆಚ್ಚು ದಾರಿ ಕೂಡುವಲ್ಲಿಂದ ಶುರುಮಾಡಿದರೆ ಕಡಿಮೆ ಜನ ಸಾಕಲ್ಲವೇ?

ಉತ್ತರ: ಹಾಗೆ ಹೊರಟರೆ ಸಂಬಳ ದಂಡವಾಗಬಹುದು. ಕಾಫಿ ಒಣಗಿಸುವ ಕಣದಿಂದ ಮೂರು ದಾರಿ. ಪ್ರತಿ ದಾರಿಯಲ್ಲೂ ಕೆಲಸಗಾರರ ಒಂದು ಲೈನ್ ಮನೆ, ಅದರಾಚೆ ಒಂದು ಉಣುಗೋಲು (ಬೇಲಿಯ ಬಾಗಿಲು) ಎಂದುಕೊಳ್ಳಿ. ಒಟ್ಟು 7 ಜಾಗ. ಮೂರು ದಾರಿ ಕೂಡುತ್ತವೆಂದು ಕಣದಲ್ಲಿ ಒಬ್ಬನನ್ನು ನಿಲ್ಲಿಸಿದರೆ ಮೂರು ಉಣುಗೋಲುಗಳೂ ಬಾಕಿ ಉಳಿಯುತ್ತವೆ, ಇನ್ನೂ 3 ಜನ ಬೇಕು. ಒಟ್ಟು 4. ಲೈನ್ ಮನೆಗೆ ಒಬ್ಬೊಬ್ಬರಂತೆ ನಿಲ್ಲಿಸಿದರೆ 3ಕ್ಕೇ ಮುಗಿಯಿತು. ಕಣವನ್ನು ಮೂವರೂ ನೋಡುತ್ತಾರೆ. ಎಲ್ಲ ಜಾಗಕ್ಕೂ ಕಾವಲಾಗುವ ಇಂಥ ಗುಂಪೇ ಡಾಮಿನೇಟಿಂಗ್ ಸೆಟ್.

ಲೆಕ್ಕವನ್ನು ತುದಿಯಿಂದ ಹಿಡಿಯಬೇಕು. ಯಾವುದೋ ಒಂದು ಜಾಗವನ್ನು ಬೇರು ಎಂದಿಟ್ಟುಕೊಂಡು, ಬೇರಿಗೆ ಅತಿ ದೂರದ್ದರಿಂದ ಒಂದೊಂದನ್ನೇ ನೋಡುತ್ತ ಬನ್ನಿ. ಆಗಲೇ ಕಾವಲಿದ್ದರೆ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಬೇರಿನ ಕಡೆಯ ಪಕ್ಕದ ಜಾಗದಲ್ಲಿ ಒಬ್ಬನನ್ನು ನಿಲ್ಲಿಸಿ. ಕೊನೆಗೆ ಬೇರೇ ಬಾಕಿಯಾದರೆ ಅಲ್ಲೇ ಒಬ್ಬ. ಇದು ಸರಿ ಏಕೆಂದರೆ ಉಣುಗೋಲಿನಲ್ಲಿ ನಿಂತವನಿಗೆ ಕಾಣುವುದೆಲ್ಲ ಲೈನ್ ಮನೆಯಲ್ಲಿ ನಿಂತವನಿಗೂ ಕಾಣುತ್ತದೆ, ಜೊತೆಗೆ ಕಣವೂ. ಮೇಲಕ್ಕೆ ಸರಿದರೆ ನಷ್ಟವೇ ಇಲ್ಲ. ಟ್ರೀಗಳಿಗೆ ಇಂಥ ಲೀನಿಯರ್ ಸಮಯದ (ಜಾಗ ಹೆಚ್ಚಿದ ಪ್ರಮಾಣದಲ್ಲೇ ಕೆಲಸವೂ ಹೆಚ್ಚುವ) ವಿಧಾನವನ್ನು ಕಾಕೈನ್, ಗುಡ್‌ಮನ್, ಹೆಡೆಟ್ನಿಯೆಮಿ ಎಂಬ ಸಂಶೋಧಕರು 1975ರಲ್ಲಿ ಕೊಟ್ಟರು.

ಬಹಳ ಜನ ಎಡವುವುದು ಇಲ್ಲಿ: ಕಾವಲು ಸಿಕ್ಕ ಜಾಗವನ್ನು ಚಿತ್ರದಿಂದ ಅಳಿಸಿಬಿಡುತ್ತಾರೆ. ಅದರ ಇನ್ನೊಂದು ಕವಲಿಗಾಗಿ ಅಲ್ಲೇ ಒಬ್ಬನನ್ನು ನಿಲ್ಲಿಸಬೇಕಾಗಿ ಬರಬಹುದು. ಹಾಗಾಗಿ ‘ಬಾಕಿ’, ‘ಕಾವಲಿದೆ’, ‘ಆಯ್ಕೆಯಾಗಿದೆ’ ಎಂದು ಮೂರು ಗುರುತು ಇಡಿ.

ಜಾಗಕ್ಕೊಂದು ಖರ್ಚಿದ್ದರೆ ಈ ವಿಧಾನ ಕೈಕೊಡುತ್ತದೆ. ಆಗ ಪ್ರತಿ ಜಾಗಕ್ಕೂ ಮೂರು ಕನಿಷ್ಠ ಮೊತ್ತ ಬರೆಯಿರಿ: ತಾನೇ ಆಯ್ಕೆಯಾದರೆ, ಕೆಳಗಿನವರು ಕಾವಲು ಕೊಟ್ಟರೆ, ಕಾವಲನ್ನು ಮೇಲಿನವನಿಗೆ ಬಿಟ್ಟಿದ್ದರೆ. ತುದಿಯ ಜಾಗಕ್ಕೆ ಎರಡನೆಯದು ಅನಂತ, ಕಾಯಲು ಕೆಳಗೆ ಯಾರೂ ಇಲ್ಲವಲ್ಲ. ಅಲ್ಲಿ ಸೊನ್ನೆ ಬರೆದರೆ ಉಣುಗೋಲು ಕಾವಲಿಲ್ಲದೆಯೇ ಲೆಕ್ಕ ‘ಸರಿ’ ಬರುತ್ತದೆ!

ಕಾವಲುಗಾರರ ಜಾಗಗಳು ಒಂದಕ್ಕೊಂದು ಕೂಡಿಕೊಂಡೇ ಇರಬೇಕೆಂದರೆ ಕೆಲಸ ಇನ್ನೂ ಸುಲಭ. ಈ ‘ಕನೆಕ್ಟೆಡ್ ಡಾಮಿನೇಷನ್’ ಕಲ್ಪನೆಯನ್ನು ನಮ್ಮವರೇ ಆದ ಗಣಿತಜ್ಞರು ಸಂಪತ್‌ಕುಮಾರ್ ಮತ್ತು ವಾಲೀಕಾರ್ 1979ರಲ್ಲಿ ಮುಂದಿಟ್ಟರು. ಮೂರು ಅಥವಾ ಹೆಚ್ಚು ಜಾಗವಿರುವ ಟ್ರೀಯಲ್ಲಿ ತುದಿಗಳನ್ನು ಬಿಟ್ಟು ಉಳಿದ ಎಲ್ಲ ಕಡೆ ಒಬ್ಬೊಬ್ಬ. ಈ ತೋಟದಲ್ಲಿ ಹಾಗೆ ಮಾಡಿದರೆ 4, ಕಣದವನೂ ಸೇರಿ.