ಮಾರ್ಗಿಟ್ ಸೇತುವೆ ದಾಟೋಕೆ ಬಿಡ್ತಾ ಇಲ್ಲ, ಏನು ಮಾಡಲಿ?

ಓದುಗರ ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಹುಡುಗ. ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಶುರು ಮಾಡಿದ್ದೇನೆ. ಕೋಟೆಯ ಸೇತುವೆ ಕಾಯುವ ಮಾರ್ಗಿಟ್ ಅನ್ನುವ ದೊಡ್ಡ ಶತ್ರುವಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಎಷ್ಟು ಸಲ ಸತ್ತೆ ಅನ್ನೋ ಲೆಕ್ಕ ಬಿಟ್ಟಿದ್ದೇನೆ. "ಲೆವೆಲ್ ಸಾಲಂಗಿಲ್ಲ" ಅಂತ ಒಬ್ಬ ಗೆಳೆಯ ಹೇಳುತ್ತಾನೆ. "ನಿನ್ನ ಕೈ ಭಾಳ ಸ್ಲೋ" ಅಂತ ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಕುದುರೆ ಹತ್ತಿ, ಅವನಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ಹೋಗಿಬಿಡಿ.

ಈ ಪ್ರಶ್ನೆ ಬರದ ವಾರ ಇಲ್ಲ. ಎಲ್ಡನ್ ರಿಂಗ್ ಬಂದದ್ದು 2022ರ ಫೆಬ್ರವರಿ 25ರಂದು. ಅವತ್ತಿನಿಂದ ಹೊಸಬರೆಲ್ಲ ಇದೇ ಸೇತುವೆ ಮೇಲೆ ಬಿದ್ದು ಸಾಯುತ್ತಿದ್ದಾರೆ. ಅದಕ್ಕೆ ಕಾರಣವೂ ಇದೆ. ಆಟದಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ಜಾಗವಾದ ಗ್ರೇಸ್ ಹತ್ತಿರ ಕೂತು ಎದ್ದಾಗ ಬಂಗಾರದ ಬೆಳಕಿನ ಗೆರೆಯೊಂದು ಒಂದು ದಿಕ್ಕಿಗೆ ಹರಿಯುತ್ತದೆ, ಗಮನಿಸಿದ್ದೀರಲ್ವಾ? ಅದನ್ನು ಹಿಡಿದು ಹೋದರೆ ಸೀದಾ ಸ್ಟಾರ್ಮ್‌ವೇಲ್ ಕೋಟೆ, ಅದರ ಬಾಗಿಲಲ್ಲೇ ಮಾರ್ಗಿಟ್. ಬೆಳಕು ಸುಳ್ಳು ಹೇಳುತ್ತಿಲ್ಲ. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ತೋರಿಸುತ್ತದೆ, ಅಷ್ಟೇ. ನೀವು ಅಲ್ಲಿಗೆ ಹೋಗಲು ರೆಡಿ ಇದ್ದೀರಾ ಅಂತ ಅದು ನೋಡುವುದಿಲ್ಲ.

ಆಟದ ಮೊದಲ ಬಯಲಲ್ಲೇ ಈ ಪಾಠ ಆಗಿರುತ್ತದೆ. ಗುಹೆಯಿಂದ ಹೊರಗೆ ಬಂದ ಕೂಡಲೇ ಬಂಗಾರದ ಕವಚ ಹಾಕಿ, ಕುದುರೆ ಮೇಲೆ ಕೂತು ಗಸ್ತು ತಿರುಗುವ ಟ್ರೀ ಸೆಂಟಿನೆಲ್ ಕಾಣುತ್ತಾನೆ. ಅವನನ್ನು ಕೆಣಕಿದವರು ಎರಡೇ ಏಟಿಗೆ ಮಲಗುತ್ತಾರೆ. ಪಕ್ಕದಿಂದ ನುಸುಳಿ ಹೋದವರಿಗೆ ಏನೂ ಆಗುವುದಿಲ್ಲ. ಮಾರ್ಗಿಟ್ ಕೂಡ ಅದೇ ಮಾತು ಹೇಳುತ್ತಿದ್ದಾನೆ, ಸ್ವಲ್ಪ ಜೋರಾಗಿ.

ದಕ್ಷಿಣಕ್ಕೆ ಯಾಕೆ? ಆಟ ಶುರುವಾಗುವ ಪ್ರದೇಶವಾದ ಲಿಮ್‌ಗ್ರೇವ್ ದಾಟಿ ಬ್ರಿಡ್ಜ್ ಆಫ್ ಸ್ಯಾಕ್ರಿಫೈಸ್ ಮೇಲೆ ಹೋದರೆ ವೀಪಿಂಗ್ ಪೆನಿನ್ಸುಲಾ ಸಿಗುತ್ತದೆ. ಸೇತುವೆ ಮೇಲೆ ದೊಡ್ಡ ಬಾಣ ಬಿಡುವವರಿದ್ದಾರೆ, ನಿಲ್ಲದೆ ಕುದುರೆ ಓಡಿಸಿ. ಅಲ್ಲಿನ ಶತ್ರುಗಳು ನಿಮ್ಮ ಅಳತೆಯವರು. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಮೂರು ಚರ್ಚ್‌ಗಳಿವೆ: ಚರ್ಚ್ ಆಫ್ ಪಿಲ್ಗ್ರಿಮೇಜ್, ಕ್ಯಾಲು ಬ್ಯಾಪ್ಟಿಸ್ಮಲ್ ಚರ್ಚ್, ಫೋರ್ತ್ ಚರ್ಚ್ ಆಫ್ ಮರಿಕಾ. ಮೂರರಲ್ಲೂ ಒಂದೊಂದು ಸೇಕ್ರೆಡ್ ಟಿಯರ್ ಇದೆ. ಲಿಮ್‌ಗ್ರೇವ್‌ನ ಪೂರ್ವಕ್ಕಿರುವ ಥರ್ಡ್ ಚರ್ಚ್ ಆಫ್ ಮರಿಕಾದಲ್ಲಿ ಇನ್ನೊಂದು. ಇವು ಸಿಕ್ಕರೆ ಫ್ಲಾಸ್ಕಿನ ಒಂದು ಗುಟುಕಿಗೇ ಜಾಸ್ತಿ ಜೀವ ತುಂಬುತ್ತದೆ. ದಾರಿಯಲ್ಲಿ ಬಂಗಾರದ ಬಣ್ಣದಲ್ಲಿ ಹೊಳೆಯುವ ಪುಟ್ಟ ಗಿಡ ಕಂಡರೆ ಬಿಡಬೇಡಿ. ಅಲ್ಲಿ ಗೋಲ್ಡನ್ ಸೀಡ್ ಇರುತ್ತದೆ, ಅದರಿಂದ ಗುಟುಕುಗಳ ಸಂಖ್ಯೆ ಹೆಚ್ಚುತ್ತದೆ. ಸ್ಟಾರ್ಮ್‌ಹಿಲ್ ಕಡೆ ಏರುವ ರಸ್ತೆಯ ಪಕ್ಕದಲ್ಲೇ ಒಂದು ಇದೆ. ಮಾರ್ಗಿಟ್ ಕಡೆ ಓಡುವ ಅವಸರದಲ್ಲಿ ಅದನ್ನು ಬಿಟ್ಟು ಹೋದವರು ಬಹಳ ಜನ.

ಇನ್ನು ಲೆವೆಲ್ ವಿಚಾರ. ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ. ನನ್ನ ಪ್ರಕಾರ 25ರ ಆಸುಪಾಸು ಸಾಕು. 60 ಮಾಡಿಕೊಂಡು ಬಂದು ಅವನನ್ನು ಸೊಳ್ಳೆ ಹೊಡೆದ ಹಾಗೆ ಹೊಡೆದರೆ ಆಟದ ಮಜಾ ಅಲ್ಲೇ ಮುಗಿಯಿತು. ಆದರೆ ಸಿಕ್ಕ ರೂನ್ಸ್ (ಲೆವೆಲ್ ಏರಿಸಲು, ಸಾಮಾನು ಕೊಳ್ಳಲು ಬಳಸುವ ಆಟದ ದುಡ್ಡು) ಎಲ್ಲಾ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಹೊಸಬರು ಏಟು ಜೋರಾಗಲಿ ಅಂತ ಸ್ಟ್ರೆಂತ್‌ಗೆ, ಡೆಕ್ಸ್‌ಟೆರಿಟಿಗೆ ಸುರಿಯುತ್ತಾರೆ. ಬೇಡ. ಮೊದಲು ವಿಗರ್, ಅಂದರೆ ಜೀವದ ಅಳತೆ ಹೆಚ್ಚಿಸುವ ಗುಣ. ಒಂದು ಏಟು ತಿಂದರೂ ಬದುಕಿ ಉಳಿದರೆ ತಾನೇ ಕಲಿಯೋದು?

ಏಟು ಜೋರಾಗೋದು ಕತ್ತಿಯಿಂದ. ಚರ್ಚ್ ಆಫ್ ಎಲ್ಲೇಯಲ್ಲಿ ವ್ಯಾಪಾರಿ ಕೂತಿರುತ್ತಾನಲ್ಲ, ಅಲ್ಲೇ ಕುಲುಮೆಯ ಮೇಜು ಇದೆ. ಅಲ್ಲಿ ಆಯುಧವನ್ನು ಪ್ಲಸ್ 3ರವರೆಗೆ ಏರಿಸಬಹುದು. ಸಾಮಾನ್ಯ ಆಯುಧಕ್ಕೆ ಮೊದಲ ನಂಬರಿನ ಸ್ಮಿಥಿಂಗ್ ಸ್ಟೋನ್ 2, ಆಮೇಲೆ 4, ಆಮೇಲೆ 6 ಬೇಕು. ಒಟ್ಟು 12. ಅಗೀಲ್ ಕೆರೆಯ ಉತ್ತರಕ್ಕಿರುವ ಲಿಮ್‌ಗ್ರೇವ್ ಟನೆಲ್ಸ್ ಗಣಿಯಲ್ಲಿ ಗೋಡೆಗೆ ಅಂಟಿಕೊಂಡ ಕಲ್ಲುಗಳನ್ನು ಬಿಡಿಸಿಕೊಂಡು ಬನ್ನಿ. ನಾಲ್ಕಾರು ಲೆವೆಲ್ ಏರಿಸಿದರೆ ಆಗದ ಕೆಲಸ ಈ ಕಲ್ಲುಗಳಿಂದ ಆಗುತ್ತದೆ.

ಅದೇ ಕೆರೆಯ ಹತ್ತಿರ ಡ್ರ್ಯಾಗನ್ ಬರ್ನ್ಟ್ ರೂಯಿನ್ಸ್ ಇದೆ. ಅಲ್ಲಿನ ನೆಲಮಾಳಿಗೆಯ ಪೆಟ್ಟಿಗೆ ತೆಗೆದರೆ ಹೊಗೆ ಬಂದು ನಿಮ್ಮನ್ನು ಕೇಲಿಡ್ ಅನ್ನುವ ಕಷ್ಟದ ಪ್ರದೇಶದ ಗಣಿಯೊಳಗೆ ಎತ್ತಿ ಹಾಕುತ್ತದೆ. ಹೊರಗೆ ಬರುವವರೆಗೆ ಮ್ಯಾಪ್ ಮೇಲೆ ಎಲ್ಲೂ ಜಿಗಿಯಲು ಆಗುವುದಿಲ್ಲ. ಹೇಳಿದ್ದೇನೆ ಅಂತ ನೀವು ತೆಗೆಯದೆ ಇರುತ್ತೀರಿ ಅನ್ನುವ ನಂಬಿಕೆ ನನಗಿಲ್ಲ.

ಇಷ್ಟಾದ ಮೇಲೆ ಮಾರ್ಗಿಟ್ ಹತ್ತಿರ ವಾಪಸ್ ಬನ್ನಿ. ಈಗ ಕೈ ಸ್ಪೀಡ್ ಮಾತು. ಅವನು ಗೆಲ್ಲುವುದು ನಿಮ್ಮ ಕೈ ಸ್ಲೋ ಅಂತ ಅಲ್ಲ, ಜಾಸ್ತಿ ಫಾಸ್ಟ್ ಅಂತ. ಅವನ ಕೋಲನ್ನೇ ನೋಡಿ. ಮೇಲೆ ಎತ್ತುತ್ತಾನೆ. ನೀವು ಗಾಬರಿಯಾಗಿ ರೋಲ್ ಒತ್ತುತ್ತೀರಿ. ಕೋಲು ಅಲ್ಲೇ ಗಾಳಿಯಲ್ಲಿ ನಿಂತಿರುತ್ತದೆ. ನೀವು ಉರುಳಿ ಮುಗಿಸಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಬೀಳುತ್ತದೆ. ಕಬಡ್ಡಿಯಲ್ಲಿ ಒಳ್ಳೆ ರೈಡರ್ ಕೈ ಬೀಸಿದಂತೆ ಮಾಡಿ, ಎದುರಿನವನು ಹಾರಿದ ಮೇಲೆ ಕಾಲು ಚಾಚುತ್ತಾನಲ್ಲ, ಹಾಗೆ. ರೋಲ್ ಮಾಡುವಾಗ ಏಟು ತಾಗದ ಹೊತ್ತು ಅರ್ಧ ಸೆಕೆಂಡಿಗೂ ಕಡಿಮೆ. ಅದನ್ನು ಮುಂಚೆಯೇ ಖರ್ಚು ಮಾಡಿದರೆ ಮುಗಿಯಿತು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಒಬ್ಬ ಹುಡುಗ ಪಕ್ಕದವನಿಗೆ ಇದನ್ನೇ ಹೇಳುವುದನ್ನು ಕೇಳಿದೆ: "ಕೋಲು ಮ್ಯಾಲ ಇದ್ದಾಗ ಸುಮ್ನ ನಿಂದರಲೇ. ಕೆಳಗ ಬರಾಕ ಹತ್ತಿದ ಮ್ಯಾಲ ಹೊರಳು." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಒಂದೇ ಸೇರಿಸುತ್ತೇನೆ. ಹಿಂದಕ್ಕೆ ಹೊರಳಬೇಡಿ, ಅವನ ಕಡೆಗೇ ಹೊರಳಿ. ಕೋಲು ಉದ್ದ ಇದೆ, ಹಿಂದೆ ಹೋದರೆ ತುದಿ ತಾಗುತ್ತದೆ.

ದೂರ ನಿಂತು ಫ್ಲಾಸ್ಕ್ ಕುಡಿದರೆ ಬೆಳಕಿನ ಚೂರಿ ಎಸೆಯುತ್ತಾನೆ. ಅವನ ದೊಡ್ಡ ಏಟು ನೆಲಕ್ಕೆ ಬಿದ್ದ ಮೇಲಷ್ಟೇ ಕುಡಿಯಿರಿ. ಅವನ ಜೀವ ಅರ್ಧದ ಹತ್ತಿರ ಬಂದಾಗ ಬೆಳಕಿನ ಸುತ್ತಿಗೆ ತೆಗೆಯುತ್ತಾನೆ. ಆಟದ ಶುರುವಿನಲ್ಲಿ ನೀವು ಆರಿಸಿಕೊಂಡ ಪಾತ್ರ ವ್ಯಾಗಬಾಂಡ್ ಆಗಿದ್ದರೆ ಕೈಯಲ್ಲಿರುವ ಹೀಟರ್ ಶೀಲ್ಡ್ ಕೋಲಿನ ಏಟನ್ನು ಪೂರ್ತಿ ತಡೆಯುತ್ತದೆ, ಸುತ್ತಿಗೆಯದನ್ನು ಪೂರ್ತಿ ತಡೆಯುವುದಿಲ್ಲ. ಏಟು ತಡೆದ ಕೂಡಲೇ ಹೆವಿ ಅಟ್ಯಾಕ್ ಒತ್ತಿದರೆ ಗಾರ್ಡ್ ಕೌಂಟರ್ ಅನ್ನುವ ಜೋರಿನ ಮರುಏಟು ಬರುತ್ತದೆ, ಅದನ್ನು ಬಳಸಿ. ಹೊತ್ತ ಭಾರ 70%ಗಿಂತ ಕೆಳಗೆ ಇರಲಿ. ಅದಕ್ಕಿಂತ ಮೇಲೆ ಹೋದರೆ ರೋಲ್ ಅನ್ನುವುದು ಮೂಟೆ ಉರುಳಿದ ಹಾಗೆ.

ಸಹಾಯ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲ್ಲೇಗೆ ಮತ್ತೆ ಹೋದರೆ ಒಬ್ಬ ಮಾಟಗಾತಿ ಗಂಟೆ ಕೊಡುತ್ತಾಳೆ, ಜೊತೆಗೆ ಮೂರು ತೋಳಗಳನ್ನು ಕರೆಯುವ ಬೂದಿ. ತೋಳಗಳು ಅವನ ಗಮನ ಸೆಳೆಯುವಾಗ ನೀವು ಹಿಂದಿನಿಂದ ಹೊಡೆಯಿರಿ. ಮಾರ್ಗಿಟ್ ಇರುವ ಜಾಗಕ್ಕೆ ಹೋಗುವ ಮಂಜಿನ ಬಾಗಿಲ ಮುಂದೆ ನೆಲದ ಮೇಲೆ ಬಂಗಾರದ ಗುರುತು ಇರುತ್ತದೆ. ಮುಟ್ಟಿದರೆ ರೋಜಿಯರ್ ಅನ್ನುವ ಮಂತ್ರವಾದಿ ಜೊತೆಗೆ ಬರುತ್ತಾನೆ. ಇನ್ನೊಂದು ಉಪಾಯ ಮರ್ಕ್‌ವಾಟರ್ ಗುಹೆಯಲ್ಲಿದೆ. ಅಲ್ಲಿ ಪ್ಯಾಚಸ್ ಅನ್ನುವ ಕಿಲಾಡಿ ಮೊದಲು ಹೊಡೆಯಲು ಬರುತ್ತಾನೆ, ಅರ್ಧ ಜೀವ ಹೋದಾಗ ಕಾಲಿಗೆ ಬೀಳುತ್ತಾನೆ. ಆಗ ಕೊಲ್ಲಬೇಡಿ. ಆಮೇಲೆ ಅಂಗಡಿ ಇಡುತ್ತಾನೆ. 5000 ರೂನ್ಸ್ ಕೊಟ್ಟರೆ ಮಾರ್ಗಿಟ್‌ನನ್ನು ಸ್ವಲ್ಪ ಹೊತ್ತು ನೆಲಕ್ಕೆ ಕಟ್ಟಿಹಾಕುವ ಸಂಕೋಲೆ ಸಿಗುತ್ತದೆ. ಮೊದಲ ಹಂತದಲ್ಲೇ ಬಳಸಿಬಿಡಿ.

"ಇದೆಲ್ಲಾ ಚೀಟಿಂಗ್" ಅನ್ನುವವರು ನಿಮ್ಮ ರೂಮಿನಲ್ಲೂ ಇರುತ್ತಾರೆ. ಈ ಆಟ ಮಾಡಿದ ಹಿದೆತಾಕಾ ಮಿಯಾಜಾಕಿ ಅವರಿಗೇ ಕೇಳಿ. ನೆಲದ ಮೇಲೆ ಬೇರೆ ಆಟಗಾರರು ಬರೆದಿಟ್ಟ ಸಂದೇಶಗಳು ಹೊಳೆಯುತ್ತವಲ್ಲ, ಆ ಪದ್ಧತಿ ಅವರ 2009ರ ಡೀಮನ್ಸ್ ಸೋಲ್ಸ್‌ನಿಂದ ಬಂದದ್ದು. ಹಿಮ ಬಿದ್ದ ಗುಡ್ಡದ ರಸ್ತೆಯಲ್ಲಿ ಕಾರುಗಳು ಜಾರುತ್ತಿದ್ದಾಗ, ಗುರುತಿಲ್ಲದ ಚಾಲಕರು ಹಿಂದಿನಿಂದ ಒಬ್ಬರ ಕಾರನ್ನು ಒಬ್ಬರು ದೂಡಿ ಮೇಲೆ ಹತ್ತಿಸಿದರಂತೆ. ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಗುರುತಿಲ್ಲದವರು ಹೀಗೆ ಸಹಾಯ ಮಾಡಿಕೊಳ್ಳುವ ಯೋಚನೆ ಅಲ್ಲಿಂದ ಹುಟ್ಟಿತು ಅಂತ ಅವರೇ ಹೇಳಿದ್ದಾರೆ. ನೀವು ಬರೆದ ಸಂದೇಶವನ್ನು ಯಾರೋ ಮೆಚ್ಚಿದರೆ ಆ ಕ್ಷಣಕ್ಕೆ ನಿಮ್ಮ ಜೀವ ತುಂಬುತ್ತದೆ. ಮಾರ್ಗಿಟ್ ಜೊತೆ ಹೊಡೆದಾಡುವಾಗಲೂ ತುಂಬುತ್ತದೆ. ಹಾಗಾಗಿ ನಾಲ್ಕು ಒಳ್ಳೆ ಸಂದೇಶ ಬರೆದಿಟ್ಟು ಒಳಗೆ ಹೋಗುವುದು ನಷ್ಟದ ವ್ಯಾಪಾರ ಅಲ್ಲ. ಎದುರಿಗೆ ಬರೀ ಪ್ರಪಾತ ಇದ್ದು "ಹಾರು, ಒಳ್ಳೇದಾಗುತ್ತದೆ" ಅಂತ ಬರೆದಿರುವುದನ್ನು ಮಾತ್ರ ನಂಬಬೇಡಿ.

ಎರಡು ಸಣ್ಣ ಮಾತು. ಒಳಗೆ ಹೋಗುವ ಮುಂಚೆ ರೂನ್ಸ್ ಖರ್ಚು ಮಾಡಿ. ಸತ್ತರೆ ಅವು ಅಲ್ಲೇ ಬೀಳುತ್ತವೆ, ಎತ್ತಿಕೊಳ್ಳುವ ಮೊದಲು ಮತ್ತೆ ಸತ್ತರೆ ಹೋದವು. ಮತ್ತೆ, ಮಂಜಿನ ಬಾಗಿಲು ದಾಟಿದ ಮೇಲೆ ಮನೆಯಿಂದ ಫೋನ್ ಬಂದರೆ ಮೆನು ತೆರೆದು ಮಾತಾಡಬೇಡಿ. ಮೆನು ತೆರೆದರೆ ಆಟ ನಿಲ್ಲುವುದಿಲ್ಲ, ಅವನು ಹೊಡೆಯುತ್ತಲೇ ಇರುತ್ತಾನೆ. ಗಿರ್ಮಿಟ್, ಮಿರ್ಚಿ ತಿಂದ ಕೈಯಲ್ಲಿ ಕಂಟ್ರೋಲರ್ ಹಿಡಿಯುವುದೂ ಬೇಡ, ರೋಲ್ ಬಟನ್ ಜಾರುತ್ತದೆ.

ಗೆದ್ದರೆ 12,000 ರೂನ್ಸ್ ಮತ್ತು ಇನ್ನೊಂದು ಟ್ಯಾಲಿಸ್ಮನ್ (ತಾಯತ) ಧರಿಸಲು ಬಿಡುವ ಟ್ಯಾಲಿಸ್ಮನ್ ಚೀಲ ಸಿಗುತ್ತದೆ. ಏನು ಮಾಡಿದರೂ ಆಗಲೇ ಇಲ್ಲ ಅಂದರೆ ಕೋಟೆಯ ಪೂರ್ವದ ಅಂಚಿನಲ್ಲಿ ಬಂಡೆ ಪಕ್ಕ ಒಂದು ದಾರಿ ಇದೆ. ಮಾರ್ಗಿಟ್‌ನ ಮುಖ ನೋಡದೆಯೇ ಸೀದಾ ಮುಂದಿನ ಪ್ರದೇಶವಾದ ಲಿಯೂರ್ನಿಯಾ ತಲುಪಬಹುದು. ಕೋಟೆ ಮಾತ್ರ ತಪ್ಪಿಸಿಕೊಳ್ಳಬೇಡಿ, ಇಡೀ ಆಟದಲ್ಲಿ ನನಗೆ ಅತಿ ಇಷ್ಟದ ಜಾಗ ಅದು. ಒಳಗೆ ಹೋದಾಗ ಬಾಗಿಲಲ್ಲಿ ಗೋಸ್ಟಾಕ್ ಅನ್ನುವ ಕಾವಲುಗಾರ ಸಿಗುತ್ತಾನೆ. ಮುಖ್ಯ ಬಾಗಿಲ ಮುಂದೆ ಬಾಣದ ಮಳೆ ಇದೆ, ಪಕ್ಕದ ಕಿಂಡಿಯಿಂದ ಹೋಗು ಅಂತಾನೆ. ಆ ಸಲಹೆ ಸರಿಯೇ. ಆದರೆ ಕೋಟೆಯೊಳಗೆ ನೀವು ಸತ್ತಾಗಲೆಲ್ಲ ಬಿದ್ದ ರೂನ್ಸ್‌ನಲ್ಲಿ ಒಂದು ಪಾಲು ಕದಿಯುವವನೂ ಅವನೇ.