ರಾತ್ರಿ ಹನ್ನೊಂದರ ನಂತರದ ಹಾಸ್ಟೆಲ್

ಆಪ್ತಸಮಾಲೋಚಕರ ಕೊಠಡಿಗೆ ಸಂಜೆ ಬೀಗ ಬೀಳುತ್ತದೆ. ಹಾಸ್ಟೆಲ್ ಮಕ್ಕಳು ಮಾನಸಿಕವಾಗಿ ಕುಸಿಯುವುದು ಹೆಚ್ಚಾಗಿ ರಾತ್ರಿ. ಆಗ ಹತ್ತಿರ ಇರುವವರು ರೂಮ್‌ಮೇಟ್, ವಾರ್ಡನ್, ಗೇಟಿನ ಸೆಕ್ಯುರಿಟಿಯವರು. ಇವರಿಗೆ ತರಬೇತಿ ಇಲ್ಲದಿದ್ದರೆ ಹಗಲಿನ ಎಲ್ಲ ವ್ಯವಸ್ಥೆ ಅರ್ಧ ಮಾತ್ರ.

ಕರಾವಳಿಯ ಕೊಣಾಜೆ, ಸುರತ್ಕಲ್, ಮಣಿಪಾಲಗಳಿಗೆ ಓದಲು ದೂರದೂರಿಂದ ಮಕ್ಕಳು ಬರುತ್ತಾರೆ. ಕಲಬುರಗಿಯ ಬಿಸಿಲಲ್ಲಿ ಬೆಳೆದವರಿಗೆ ಇಲ್ಲಿನ ಜುಲೈ ತಿಂಗಳೇ ಒಂದು ಪರೀಕ್ಷೆ. ಬಟ್ಟೆ ಒಣಗುವುದಿಲ್ಲ, ಕುಚ್ಚಲಕ್ಕಿ ಅನ್ನ ಸೇರುವುದಿಲ್ಲ, ಪಕ್ಕದವರು ತುಳುವಿನಲ್ಲಿ ನಗುತ್ತಿದ್ದರೆ ತನ್ನ ಬಗ್ಗೆಯೇ ಇರಬೇಕು ಎನಿಸುತ್ತದೆ. ಹೊಸಬರ ಮೊದಲ ಎರಡು ತಿಂಗಳು ವಾರ್ಡನ್ ವಾರಕ್ಕೊಮ್ಮೆಯಾದರೂ ರೂಮಿನ ಬಾಗಿಲಲ್ಲಿ ನಿಂತು ಮಾತಾಡಿಸಬೇಕು.

ಬದಲಾವಣೆ ಮೊದಲು ಕಾಣುವುದು ಮೆಸ್ಸಿನಲ್ಲಿ. ಸತತ ಮೂರು ದಿನ ಊಟಕ್ಕೆ ಬಾರದವರ ಹೆಸರನ್ನು ಬಡಿಸುವವರು ವಾರ್ಡನ್‌ಗೆ ಹೇಳುವ ಪದ್ಧತಿ ಇರಲಿ. ಇದಕ್ಕೆ ಒಂದು ರೂಪಾಯಿಯೂ ಬೇಡ. ಹಗಲಿಡೀ ನಿದ್ದೆ, ಹಾಜರಿ ಶೇ. 75ಕ್ಕಿಂತ ಕೆಳಗಿಳಿದದ್ದು, ಇಷ್ಟದ ವಸ್ತುಗಳನ್ನು ಹಂಚುವುದು, ವಾರಗಟ್ಟಲೆ ಕುಗ್ಗಿದ್ದವರು ಏಕಾಏಕಿ ನಿರಾಳವಾಗಿ ಕಾಣುವುದು ಇವೂ ಗಮನಿಸಬೇಕಾದವು. ಕೊನೆಯದನ್ನು ಚೇತರಿಕೆ ಎಂದು ತಿಳಿದು ಸುಮ್ಮನಾಗುವವರೇ ಹೆಚ್ಚು.

ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಾ ಇದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ತಪ್ಪು, ಯಾರೋ ಕೇಳಿದರಲ್ಲ ಎಂದು ಮನಸ್ಸು ಸಡಿಲವಾಗುತ್ತದೆ. ಹೌದು ಎಂದರೆ ಒಂದು ಕ್ಷಣವೂ ಒಬ್ಬರನ್ನೇ ಬಿಡಬೇಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ರೂಮಿನಲ್ಲಿರುವ ಅಪಾಯದ ವಸ್ತು, ಔಷಧಿಗಳನ್ನು ಬೇರೆ ಕಡೆ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112, ಇಲ್ಲವೇ ನೇರ ಆಸ್ಪತ್ರೆ. ರಾತ್ರಿ ಮನೋವೈದ್ಯರು ಸಿಗುವ ಆಸ್ಪತ್ರೆ ಯಾವುದು, ಗಾಡಿ ಯಾರದು ಎಂಬುದನ್ನು ಸೆಮಿಸ್ಟರ್ ಶುರುವಾಗುವಾಗಲೇ ವಿಚಾರಿಸಿ ಬರೆದಿಡಿ.

ಬಹಳ ಕಡೆ ನಡೆಯುವ ದೊಡ್ಡ ತಪ್ಪು, "ಮನೆಗೆ ಹೋಗಿ ರೆಸ್ಟ್ ಮಾಡು" ಎಂದು ಶಿರಾಡಿ ಘಾಟಿ ಹತ್ತುವ ರಾತ್ರಿ ಬಸ್ಸಿಗೆ ಒಬ್ಬರನ್ನೇ ಕೂರಿಸುವುದು. ಅತ್ಯಂತ ಅಪಾಯದ ಹೊತ್ತಲ್ಲಿ ಕಾವಲಿಲ್ಲದೆ ಕಳಿಸಿದಂತಾಯಿತು. ಮನೆಯವರು ಬಂದು ಕರೆದೊಯ್ಯಲಿ. ಇನ್ನು ಹೀಗೆ ಮಾಡುವುದಿಲ್ಲ ಎಂದು ವಿದ್ಯಾರ್ಥಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ. ಕಾನೂನೇ ಆರೈಕೆಯ ಮಾತಾಡುವಾಗ ಹಾಸ್ಟೆಲ್ ಶಿಕ್ಷೆಯ ಮಾತಾಡಬಾರದು.

ಕೆಲವೊಮ್ಮೆ ಕಾರಣ ಮನಸ್ಸಿನೊಳಗಲ್ಲ, ಪಕ್ಕದ ರೂಮಿನಲ್ಲಿರುತ್ತದೆ. ರ‍್ಯಾಗಿಂಗ್ ಆಗಿದ್ದರೆ 1800-180-5522ಕ್ಕೆ ದೂರು ಕೊಡಬಹುದು. ಲೈಂಗಿಕ ಕಿರುಕುಳವಾದರೆ ಇಂಥ ದೂರುಗಳಿಗೆಂದೇ ಇರುವ ಕಾಲೇಜಿನ ಆಂತರಿಕ ಸಮಿತಿಗೆ ಲಿಖಿತ ದೂರು ಮೂರು ತಿಂಗಳೊಳಗೆ ಹೋಗಬೇಕು. ಹಿಂಸೆ ಕೊಡುವವರನ್ನು ಅಲ್ಲೇ ಬಿಟ್ಟು ಎಷ್ಟು ಕೌನ್ಸೆಲಿಂಗ್ ಮಾಡಿದರೂ ಫಲವಿಲ್ಲ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆ ತರಬೇತಿಗೆ ಉಪನ್ಯಾಸಕರ ಜೊತೆ ಮೆಸ್ಸಿನವರನ್ನೂ ಸೆಕ್ಯುರಿಟಿಯವರನ್ನೂ ಕೂರಿಸಿ.

ಆಸ್ಪತ್ರೆಯಿಂದ ಮರಳಿದ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಹಾಜರಿ ಕೊರತೆಯ ನೋಟಿಸ್. ಅವರು ಕ್ಲಾಸಿಗೆ ಬರುವ ಮುಂಚೆಯೇ ಮೆಂಟರ್ ವೈದ್ಯಕೀಯ ರಜೆಯ ಕಾಗದ, ತಪ್ಪಿದ ಇಂಟರ್ನಲ್ಸ್‌ನ ದಿನಾಂಕ ಎರಡನ್ನೂ ವಿಭಾಗದ ಮುಖ್ಯಸ್ಥರಲ್ಲಿ ಮುಗಿಸಿಕೊಂಡಿರಬೇಕು.