ಬರಲಿರುವ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಪರದೆಗಳು: ಬಿಳಿ ಪುಟದ ಲೆಕ್ಕ

ಮೊಬೈಲಿನ ಪರದೆಯಲ್ಲಿ ಚಿತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಪರದೆ ಆಗಾಗ ಆರುತ್ತದೆ, ಕೆಲವೇ ವರ್ಷಗಳಲ್ಲಿ ಸಾಧನವೇ ಬದಲಾಗುತ್ತದೆ. ಲ್ಯಾಪ್‌ಟಾಪಿನ ಪಾಡು ಬೇರೆ. ಅದರಲ್ಲಿ ಬಿಳಿ ಹಿನ್ನೆಲೆಯ ಕಡತ ದಿನವಿಡೀ ತೆರೆದಿರುತ್ತದೆ, ಕೆಳಗಿನ ಟಾಸ್ಕ್‌ಬಾರ್ ವರ್ಷಗಟ್ಟಲೆ ಕದಲದೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್‌ಗೆ ಬರಲಿರುವ ಯಾವುದೇ ಹೊಸ ಪರದೆಯ ಹೆಸರು ಕಿವಿಗೆ ಬಿದ್ದಾಗ, ಅದು ಒಂದು ಬಿಳಿ ಪುಟವನ್ನು ಎಷ್ಟು ವಿದ್ಯುತ್ತಿನಲ್ಲಿ ಮತ್ತು ಎಷ್ಟು ವರ್ಷ ತೋರಿಸಬಲ್ಲದು ಎಂದು ಮೊದಲು ಕೇಳಬೇಕು. ಈ ಟಿಪ್ಪಣಿ ಆ ಪ್ರಶ್ನೆಯನ್ನು ಹಿಡಿದೇ ಸಾಗುತ್ತದೆ.

ಮೊದಲು ಹಳೆಯದನ್ನು ಬಿಚ್ಚಿ ನೋಡೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಡೆದ ಪರದೆಗಳನ್ನು ಬದಲಿಸಿಕೊಡುವ ರಿಪೇರಿ ಅಂಗಡಿಗಳಿವೆ. ಅಲ್ಲಿ ಗುಜರಿಗೆ ಹೋಗಲಿರುವ ಒಂದು ಎಲ್‌ಸಿಡಿ (ದ್ರವಸ್ಫಟಿಕ ಪರದೆ) ಪ್ಯಾನೆಲನ್ನು ಕೇಳಿ ತಂದು ಪದರ ಪದರವಾಗಿ ಬಿಡಿಸಿದರೆ ಪಠ್ಯಪುಸ್ತಕದ ಚಿತ್ರಕ್ಕಿಂತ ಹೆಚ್ಚು ತಿಳಿಯುತ್ತದೆ. ಎಲ್ಲಕ್ಕೂ ಹಿಂದೆ ಹಾಲುಬಿಳಿ ಬಣ್ಣದ ಪ್ರತಿಫಲಕ ಹಾಳೆ, ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಆ ಹಲಗೆಯ ಕೆಳ ಅಂಚಿನಲ್ಲಿ ಸಣ್ಣ ಎಲ್‌ಇಡಿಗಳ ಪಟ್ಟಿ, ಆಮೇಲೆ ಬೆಳಕನ್ನು ಹರಡುವ ಮಸುಕಾದ ಹಾಳೆ, ಉಗುರಾಡಿಸಿದರೆ ಸಣ್ಣ ಸಣ್ಣ ಗೀರುಗಳು ತಾಗುವ ಪ್ರಿಸಂ ಹಾಳೆಗಳು, ಕೊನೆಗೆ ದ್ರವಸ್ಫಟಿಕವನ್ನು (ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುವ ವಸ್ತು) ನಡುವೆ ಹಿಡಿದಿಟ್ಟುಕೊಂಡ ಜೋಡಿ ಗಾಜು. ಆ ಗಾಜಿನ ಎರಡೂ ಬದಿಗೆ ಧ್ರುವಕ ಹಾಳೆಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳಿವೆ. ಮೊದಲ ಧ್ರುವಕವೇ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ, ಕೆಂಪು-ಹಸಿರು-ನೀಲಿಯ ಬಣ್ಣಸೋಸುಕ ಉಳಿದದ್ದರಲ್ಲಿ ಸುಮಾರು ಮೂರನೇ ಎರಡು ಪಾಲನ್ನು ತಡೆಯುತ್ತದೆ. ಹೀಗೆ ಹಿಂಬೆಳಕಿನ ಆರನೇ ಒಂದು ಪಾಲಿಗಿಂತಲೂ ಕಡಿಮೆ ಮಾತ್ರ ನಮ್ಮ ಕಣ್ಣಿಗೆ ತಲುಪುತ್ತದೆ. ಆದರೂ ಎಲ್‌ಸಿಡಿ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣವಿದೆ: ಹಿಂಬೆಳಕು ನಿರವಯವ ಅರೆವಾಹಕದ್ದಾದ್ದರಿಂದ ಬೇಗ ಸವೆಯುವುದಿಲ್ಲ, ಪುಟ ಬಿಳಿಯಿದ್ದರೂ ಕಪ್ಪಿದ್ದರೂ ಖರ್ಚು ಹೆಚ್ಚುಕಡಿಮೆ ಒಂದೇ.

ಇಲ್ಲಿ ನಮ್ಮ ಊರಿನ ಒಂದು ಪಾತ್ರವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳದ್ದೇ ಕಾರುಬಾರು. ಮುಂದೆ 1990ರ ದಶಕದಲ್ಲಿ ಎಲ್‌ಸಿಡಿಯನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುವ ದೋಷವನ್ನು ತಗ್ಗಿಸಲು ಇಂಥ ಬಿಲ್ಲೆ ಅಣುಗಳ ತೆಳುಪದರವನ್ನೇ ಬಳಸಲಾಯಿತು. ಚಂದ್ರಶೇಖರ್ ಅವರು 1991ರಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ.

ಎಲ್‌ಸಿಡಿಯ ಕೊನೆಯ ದೊಡ್ಡ ಸುಧಾರಣೆ ಎಂದರೆ ಮಿನಿ ಎಲ್‌ಇಡಿ. ಅಂಚಿನ ಪಟ್ಟಿಯ ಬದಲು ಇಡೀ ಹಿಂಬದಿಯಲ್ಲಿ ಸಾವಿರಾರು ಸೂಕ್ಷ್ಮ ದೀಪಗಳನ್ನು ಹರಡಿ, ಅವನ್ನು ವಲಯಗಳಾಗಿ ಬೇರೆಬೇರೆಯಾಗಿ ಮಂಕು ಮಾಡುವುದು ಇದರ ಕ್ರಮ. 2021ರ 12.9 ಇಂಚಿನ ಐಪ್ಯಾಡ್ ಪ್ರೋದಲ್ಲಿ 2,596 ವಲಯಗಳಿದ್ದವು. ಆ ಪರದೆಯ ಪಿಕ್ಸೆಲ್‌ಗಳು 2732 ಮತ್ತು 2048ರ ಗುಣಲಬ್ಧ, ಅಂದರೆ ಸುಮಾರು 56 ಲಕ್ಷ; ಭಾಗಿಸಿದರೆ ಒಂದು ವಲಯಕ್ಕೆ ಸುಮಾರು 2,155 ಪಿಕ್ಸೆಲ್ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಒಂದೇ ಒಂದು ಬಿಳಿ ಅಕ್ಷರ ಹೊಳೆಯಬೇಕಾದರೂ ಅಷ್ಟೂ ಪಿಕ್ಸೆಲ್‌ಗಳ ಹಿಂದೆ ದೀಪ ಹತ್ತುತ್ತದೆ, ಅಕ್ಷರದ ಸುತ್ತ ಮಂಜಿನಂಥ ಪ್ರಭೆ ಕಾಣುತ್ತದೆ. ವಲಯ ಹೆಚ್ಚಿಸಿದಷ್ಟೂ ಪ್ರಭೆ ಕುಗ್ಗುತ್ತದೆ, ಬೆಲೆ ಏರುತ್ತದೆ.

ಪ್ರತಿ ಪಿಕ್ಸೆಲ್ ತಾನೇ ಬೆಳಗಿದರೆ ಈ ತೊಡಕೇ ಇಲ್ಲ, ಮತ್ತು ಓಎಲ್‌ಇಡಿ (ಸಾವಯವ, ಅಂದರೆ ಇಂಗಾಲ ಆಧಾರಿತ ವಸ್ತುವಿನ ದೀಪಗಳ ಪರದೆ) ಅಂದರೆ ಅದೇ. ಈಸ್ಟ್‌ಮನ್ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಕಡಿಮೆ ವೋಲ್ಟೇಜಿನಲ್ಲಿ ಬೆಳಗುವ ಸಾವಯವ ಡಯೋಡನ್ನು ಪ್ರಕಟಿಸಿದ ಮೇಲೆ ಇದು ಬೆಳೆಯಿತು. ಆದರೆ ನಮ್ಮ ಬಿಳಿ ಪುಟ ಇಲ್ಲಿ ತಕರಾರು ಎಬ್ಬಿಸುತ್ತದೆ. ಪುಟ ಬಿಳಿಯಾದಷ್ಟೂ ಎಲ್ಲ ಪಿಕ್ಸೆಲ್‌ಗಳೂ ಉರಿಯುವುದರಿಂದ ವಿದ್ಯುತ್ ಖರ್ಚು ಏರುತ್ತದೆ; ಸಾವಯವ ಪದರ ಉರಿದಷ್ಟೂ ಸವೆಯುವುದರಿಂದ, ಬಹುಕಾಲ ಕ್ಯಾಲೆಂಡರ್ ತೂಗಿದ್ದ ಗೋಡೆಯಲ್ಲಿ ಉಳಿಯುವ ಚೌಕದಂತೆ, ಟಾಸ್ಕ್‌ಬಾರಿನ ಅಚ್ಚು ಪರದೆಯಲ್ಲಿ ಉಳಿಯುವ ಅಪಾಯವಿದೆ.

ಇದಕ್ಕೆ ಬಂದಿರುವ ಉತ್ತರ ಟ್ಯಾಂಡೆಮ್ ಓಎಲ್‌ಇಡಿ, ಮತ್ತು ಈ ಟಿಪ್ಪಣಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗವೂ ಇದೇ. ಬೆಳಗುವ ಪದರಗಳ ಎರಡು ಕಟ್ಟುಗಳನ್ನು ಒಂದರ ಮೇಲೊಂದು ಸರಣಿಯಲ್ಲಿ ಜೋಡಿಸುತ್ತಾರೆ. ಸರಣಿಯಾದ್ದರಿಂದ ಎರಡರಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ. ಬೆಳಕು ಸುಮಾರು ಇಮ್ಮಡಿ, ಬೇಕಾಗುವ ವೋಲ್ಟೇಜೂ ಸುಮಾರು ಇಮ್ಮಡಿ. ಈಗ ಮೊದಲಿನಷ್ಟೇ ಬೆಳಕು ಸಾಕೆಂದರೆ ಪ್ರವಾಹವನ್ನು ಅರ್ಧಕ್ಕೆ ಇಳಿಸಬಹುದು. ಓಎಲ್‌ಇಡಿಯ ಆಯಸ್ಸು ಹೊಳಪಿನ 1.5ರಿಂದ 2ರವರೆಗಿನ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬ ಸ್ಥೂಲ ನಿಯಮವನ್ನು ಒಪ್ಪಿದರೆ, ಪ್ರತಿ ಕಟ್ಟಿನ ಹೊಳಪು ಅರ್ಧವಾದಾಗ ಆಯಸ್ಸು 2.8ರಿಂದ 4 ಪಟ್ಟು ಹೆಚ್ಚಬೇಕು. ವಿದ್ಯುತ್ ಖರ್ಚಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅರ್ಧ ಪ್ರವಾಹವನ್ನು ಇಮ್ಮಡಿ ವೋಲ್ಟೇಜಿನಿಂದ ಗುಣಿಸಿದರೆ ಉತ್ತರ ಮೊದಲಿನದೇ. ಉಳಿತಾಯ ಹುಟ್ಟುವುದು ಬೇರೆ ಕಡೆಯಿಂದ. ಪ್ರವಾಹ ಕಡಿಮೆಯಾದಾಗ ಸಾವಯವ ಪದರದ ದಕ್ಷತೆ ಸುಧಾರಿಸುತ್ತದೆ, ತಂತಿಗಳಲ್ಲಿನ ನಷ್ಟ ತಗ್ಗುತ್ತದೆ, ಮತ್ತು ಪ್ರತಿ ಪಿಕ್ಸೆಲನ್ನು ನಡೆಸುವ ಟ್ರಾನ್ಸಿಸ್ಟರಿನಲ್ಲಿ ವ್ಯರ್ಥವಾಗುವ ಪಾಲು ಒಟ್ಟು ಖರ್ಚಿನಲ್ಲಿ ಚಿಕ್ಕದಾಗುತ್ತದೆ.

ಈ ವಿನ್ಯಾಸ ಮೊದಲು ಬಂದದ್ದು ಕಾರಿನ ಪರದೆಗಳಿಗೆ. ಬಿಸಿಲಲ್ಲಿ ಕಾಯುತ್ತ ವರ್ಷಗಟ್ಟಲೆ ಬಾಳಬೇಕಾದ ಆ ಪರದೆಗಳಿಗೆಂದು ಎಲ್‌ಜಿ ಡಿಸ್‌ಪ್ಲೇ 2019ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 2024ರ ಮೇ ತಿಂಗಳಲ್ಲಿ ಐಪ್ಯಾಡ್ ಪ್ರೋ ಟ್ಯಾಂಡೆಮ್ ಪರದೆಯೊಡನೆ ಬಂತು, ಅದರ 13 ಇಂಚಿನ ಮಾದರಿಯ ದಪ್ಪ 5.1 ಮಿಲಿಮೀಟರ್. ಮರುತಿಂಗಳೇ ಎಲ್‌ಜಿ ಡಿಸ್‌ಪ್ಲೇ ಲ್ಯಾಪ್‌ಟಾಪಿಗೆಂದು 13 ಇಂಚಿನ ಟ್ಯಾಂಡೆಮ್ ಪ್ಯಾನೆಲ್‌ಗಳ ತಯಾರಿಕೆ ಆರಂಭಿಸಿತು, ಒಂದೇ ಕಟ್ಟಿನ ಪ್ಯಾನೆಲಿಗೆ ಹೋಲಿಸಿದರೆ ವಿದ್ಯುತ್ ಖರ್ಚು ಶೇ. 40ರವರೆಗೆ ಕಡಿಮೆ ಎಂದಿತು. "ರವರೆಗೆ" ಎಂದದ್ದನ್ನು ಗಮನಿಸಿ ಓದಬೇಕು.

ಇನ್ನೂ ಬಗೆಹರಿಯದೆ ಉಳಿದಿರುವುದು ನೀಲಿ ಬಣ್ಣದ ಸಮಸ್ಯೆ. ಓಎಲ್‌ಇಡಿಯಲ್ಲಿ ಪ್ರವಾಹ ಹರಿದಾಗ ಅಣುಗಳಲ್ಲಿ ಶಕ್ತಿ ತುಂಬಿ ಹುಟ್ಟುವ ಉದ್ರಿಕ್ತ ಸ್ಥಿತಿಗಳು ಎರಡು ಬಗೆ: ಕಾಲುಭಾಗ ಸಿಂಗ್ಲೆಟ್, ಮುಕ್ಕಾಲು ಭಾಗ ಟ್ರಿಪ್ಲೆಟ್. ಫ್ಲೋರೆಸೆಂಟ್ ವಸ್ತು ನೇರವಾಗಿ ಸಿಂಗ್ಲೆಟ್‌ಗಳಿಂದಷ್ಟೇ ಬೆಳಕು ಕೊಡುತ್ತದೆ. ಇರಿಡಿಯಂನಂಥ ಭಾರದ ಪರಮಾಣು ಇರುವ ಫಾಸ್ಫೊರೆಸೆಂಟ್ ವಸ್ತು ಎರಡನ್ನೂ ಬಳಸಿಕೊಳ್ಳುತ್ತದೆ. ಕೆಂಪು, ಹಸಿರು ಬಹಳ ಹಿಂದೆಯೇ ಈ ಎರಡನೇ ದಾರಿಗೆ ಬಂದಿವೆ. ನೀಲಿ ಮಾತ್ರ ಹಿಂದುಳಿದಿದೆ: ಅದರ ಫೋಟಾನ್, ಅಂದರೆ ಬೆಳಕಿನ ಕಣದ ಶಕ್ತಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ದೀರ್ಘಕಾಲ ಟ್ರಿಪ್ಲೆಟ್ ಸ್ಥಿತಿಯಲ್ಲಿ ನಿಂತರೆ ಅಣುವಿನ ಬಂಧವೇ ಮುರಿಯಬಹುದು. 2025ರ ಮೇ ತಿಂಗಳಲ್ಲಿ ಎಲ್‌ಜಿ ಡಿಸ್‌ಪ್ಲೇ ಪ್ರಕಟಿಸಿದ ಪ್ಯಾನೆಲ್ ಇದಕ್ಕೊಂದು ರಾಜಿಸೂತ್ರ: ಟ್ಯಾಂಡೆಮಿನ ಒಂದು ಕಟ್ಟಿನಲ್ಲಿ ಫ್ಲೋರೆಸೆಂಟ್ ನೀಲಿ, ಇನ್ನೊಂದರಲ್ಲಿ ಫಾಸ್ಫೊರೆಸೆಂಟ್ ನೀಲಿ, ಖರ್ಚು ಸುಮಾರು ಶೇ. 15 ಕಡಿಮೆ ಎಂಬುದು ಸಂಸ್ಥೆಯ ಮಾತು. ಮುಂದಿನ ವರ್ಷಗಳ ಪರದೆಗಳಲ್ಲಿ ನಾವು ಅತಿ ಹೆಚ್ಚು ನಿರೀಕ್ಷೆಯಿಂದ ಕಾಯಬೇಕಾದದ್ದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ.

ಬೆಲೆಯ ಸಂಗತಿ ಗಾಜಿನ ಅಳತೆಗೆ ಸೇರಿದ್ದು. ಮೊಬೈಲ್ ಪರದೆಗಳಿಗೆ ಬಳಸುವ ಆರನೇ ತಲೆಮಾರಿನ ಗಾಜು 1500 ಗುಣಿಸು 1850 ಮಿಲಿಮೀಟರ್; 8.6ನೇ ತಲೆಮಾರಿನದು 2290 ಗುಣಿಸು 2620, ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು. ಲ್ಯಾಪ್‌ಟಾಪ್ ಅಳತೆಯ ತುಂಡುಗಳನ್ನು ಇದರಿಂದ ಕಡಿಮೆ ವ್ಯರ್ಥದಲ್ಲಿ ಕತ್ತರಿಸಬಹುದು. 2023ರಲ್ಲಿ ಸ್ಯಾಮ್‌ಸಂಗ್ ಡಿಸ್‌ಪ್ಲೇ ಇದಕ್ಕಾಗಿ ದಕ್ಷಿಣ ಕೊರಿಯಾದ ಅಸಾನ್‌ನಲ್ಲಿ 4.1 ಲಕ್ಷ ಕೋಟಿ ವಾನ್ ಹೂಡುವುದಾಗಿ, ಚೀನಾದ ಪರದೆ ತಯಾರಕ ಬಿಒಇ ಅಲ್ಲಿನ ಚೆಂಗ್ಡುವಿನಲ್ಲಿ 6,300 ಕೋಟಿ ಯುವಾನ್ ಹೂಡುವುದಾಗಿ ಘೋಷಿಸಿದವು.

ಜಾಹೀರಾತುಗಳು ಸಾಮಾನ್ಯವಾಗಿ ಮರೆಯುವ ಇನ್ನೊಂದು ಅಂಶ ಪ್ರತಿಫಲನ. ಕಬ್ಬನ್ ಪಾರ್ಕಿನ ಮರದ ನೆರಳಲ್ಲಿ ಪರದೆಯ ಮೇಲೆ 10,000 ಲಕ್ಸ್ (ಬೀಳುವ ಬೆಳಕಿನ ಮಾನ) ಬೆಳಕು ಬೀಳುತ್ತಿದೆ, ಪರದೆ ಅದರಲ್ಲಿ ಶೇ. 4ನ್ನು ಎಲ್ಲ ದಿಕ್ಕಿಗೂ ಹಿಂದಿರುಗಿಸುತ್ತಿದೆ ಎಂದಿಟ್ಟುಕೊಳ್ಳೋಣ. 10,000ವನ್ನು 0.04ರಿಂದ ಗುಣಿಸಿ ಪೈಯಿಂದ ಭಾಗಿಸಿದರೆ ಸುಮಾರು 127 ನಿಟ್ (ಪರದೆಯ ಹೊಳಪಿನ ಮಾನ). ಕಪ್ಪು ಎಂದು ನಾವು ನೋಡುವುದು ಇದನ್ನೇ. 400 ನಿಟ್ ಪರದೆಯ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, ಆಗ ಹೆಚ್ಚುಕಡಿಮೆ 4ಕ್ಕೆ 1. ಹೊಳಪನ್ನು 800 ನಿಟ್‌ಗೆ ಏರಿಸಿದರೆ 7ಕ್ಕೆ 1 ಆಗುತ್ತದೆ. ಹೊಳಪನ್ನು ಹಾಗೆಯೇ ಬಿಟ್ಟು ಪ್ರತಿಫಲನವನ್ನು ಶೇ. 1ಕ್ಕೆ ಇಳಿಸಿದರೆ 13ಕ್ಕೆ 1 ದಾಟುತ್ತದೆ, ಅದೂ ಬ್ಯಾಟರಿಯ ಖರ್ಚಿಲ್ಲದೆ. ಪ್ರತಿಫಲನವನ್ನು ತಗ್ಗಿಸುವ ಲೇಪವೂ ಅದನ್ನು ಕೇವಲ ಚದುರಿಸುವ ಮ್ಯಾಟ್ ಮೇಲ್ಮೈಯೂ ಬೇರೆಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮೈಕ್ರೋ ಎಲ್‌ಇಡಿಯ ಬಗ್ಗೆ ಹೆಚ್ಚು ಬರೆಯಲು ಕಾರಣವಿಲ್ಲ. ಬೇಗ ಸವೆಯದ ನಿರವಯವ ದೀಪವೇ ಪಿಕ್ಸೆಲ್ ಆಗುವ ಈ ತಂತ್ರ ಕಾಗದದ ಮೇಲೆ ಎಲ್ಲಕ್ಕಿಂತ ಮಿಗಿಲು. ಆದರೆ 2880 ಗುಣಿಸು 1800 ಪಿಕ್ಸೆಲ್‌ಗಳ ಲ್ಯಾಪ್‌ಟಾಪ್ ಪರದೆಗೆ, ಪಿಕ್ಸೆಲ್‌ಗೆ ಮೂರು ಬಣ್ಣದ ಮೂರು ದೀಪಗಳಂತೆ, ಸುಮಾರು 1.55 ಕೋಟಿ ದೀಪಗಳನ್ನು ತಂತಮ್ಮ ಜಾಗದಲ್ಲಿ ನೆಲೆಗೊಳಿಸಬೇಕು, ಶೇ. 99.99ರಷ್ಟು ಸರಿಯಾಗಿ ಕೂತರೂ 1,555 ದೀಪಗಳು ಸತ್ತಿರುತ್ತವೆ. 2025ರಲ್ಲಿ ಗಾರ್ಮಿನ್ ಇದನ್ನು ಒಂದು ಕೈಗಡಿಯಾರಕ್ಕೆ ತಂದಾಗ, ಅದೇ ಗಡಿಯಾರದ ಓಎಲ್‌ಇಡಿ ಮಾದರಿಯ ಬ್ಯಾಟರಿಯೇ ಹೆಚ್ಚು ದಿನ ಬಾಳುತ್ತಿತ್ತು.